ಜೋಜಿ ಲಾ ಏರಿದ ಹಳೆಯ ಗಾಡಿಗಳು

ಕೊಲ್ಲಮೊಗ್ರು ಕಡೆಯ ಮಕ್ಕಳಿಗೆ ಜೀಪು ಹೊಸದೇನಲ್ಲ. ಮಳೆಗಾಲದಲ್ಲಿ ಚಕ್ರಕ್ಕೆ ಸರಪಣಿ ಸುತ್ತಿಕೊಂಡು, ಕೆಸರು ಹಾರಿಸುತ್ತ, ಗುರುಗುಟ್ಟುತ್ತ ಏರು ಹತ್ತುವ ಹಳೆಯ ಜೀಪು ಬಾರದಿದ್ದರೆ ಮನೆಗೆ ಅಕ್ಕಿಯೂ ಬಾರದು, ಅಡಿಕೆ ಪೇಟೆಗೂ ಹೋಗದು ಎಂಬ ಸ್ಥಿತಿ ಸುಳ್ಯದ ಈ ಮೂಲೆಯ ಎಷ್ಟೋ ಮನೆಗಳಿಗಿತ್ತು. ಗಾಡಿ ಎಷ್ಟು ಹಳೆಯದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದಾರಿ ಇದೆಯೇ ಎಂದಷ್ಟೇ ಕೇಳುತ್ತಾರೆ.

1948ರಲ್ಲಿ, ಚಳಿಗಾಲ ಇನ್ನೇನು ಬಂತು ಎನ್ನುವಾಗ, ಹಿಮಾಲಯದ ಬುಡದಲ್ಲಿ ನಿಂತು ಇದೇ ಪ್ರಶ್ನೆ ಕೇಳಿದವರು ಬೆಟ್ಟದ ಆಚೆ ಮಗ್ಗುಲಿನವರೇ. ಪುಷ್ಪಗಿರಿಯ ಸಾಲು ದಾಟಿದರೆ ಕೊಡಗು. ಅಲ್ಲಿನ ಮಡಿಕೇರಿಯಲ್ಲಿ 1906ರ ಮಾರ್ಚ್ 31ರಂದು ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಆಗ ಮೇಜರ್ ಜನರಲ್. ಕಾಶ್ಮೀರದಲ್ಲಿ 19ನೇ ಡಿವಿಜನ್ನಿನ ಮುಖ್ಯಸ್ಥರು.

ಅವರ ಮುಂದಿದ್ದ ತೊಡಕು ಇಷ್ಟು. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿ ಜೋಜಿ ಲಾ ಎಂಬ ಕಣಿವೆ ಹಾದಿಯನ್ನು ದಾಟಬೇಕು. ‘ಲಾ’ ಎಂದರೆ ಆ ಕಡೆಯ ಭಾಷೆಯಲ್ಲಿ ಘಾಟಿ. ಎತ್ತರ ಸುಮಾರು 3,500 ಮೀಟರ್. ನಮ್ಮ ಕುಮಾರಪರ್ವತದ ಮೇಲೆ ಇನ್ನೊಂದು ಕುಮಾರಪರ್ವತ ಇಟ್ಟಷ್ಟು. 1948ರ ಬೇಸಿಗೆಯಲ್ಲಿ ಪಾಕಿಸ್ತಾನದ ಕಡೆಯವರು ಕಾರ್ಗಿಲ್, ದ್ರಾಸ್ ಹಿಡಿದು ಈ ಘಾಟಿಯ ನೆತ್ತಿಯಲ್ಲೂ ಕೂತಿದ್ದರು. ಲೇಹ್‌ಗೆ ಉಳಿದದ್ದು ಆಕಾಶಮಾರ್ಗ ಒಂದೇ. ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿನ ಕಚ್ಚಾ ಬಯಲಿನಲ್ಲಿ ಡಕೋಟಾ ವಿಮಾನ ಇಳಿಸಿದಾಗ ಪಕ್ಕದಲ್ಲಿ ಕೂತಿದ್ದವರೂ ತಿಮ್ಮಯ್ಯನವರೇ. ಆದರೆ ವಿಮಾನದಲ್ಲಿ ಎಷ್ಟು ಸಾಗಿಸಿಯಾರು? ಹಿಮ ಬಿದ್ದು ಘಾಟಿ ಮುಚ್ಚಿತೆಂದರೆ ಮುಂದಿನ ಬೇಸಿಗೆಯವರೆಗೆ ಲೇಹ್ ಒಂಟಿ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನುಗ್ಗಲು ನೋಡಿ, ಪೆಟ್ಟು ತಿಂದು ಹಿಂದಿರುಗಿದರು.

ತಿಮ್ಮಯ್ಯನವರಿಗೆ ಹೊಳೆದದ್ದು ಟ್ಯಾಂಕು. ಕೇಳಿದವರಿಗೆ ನಗು ಬಂದಿದ್ದರೂ ಆಶ್ಚರ್ಯವಿಲ್ಲ. ಅಷ್ಟು ಎತ್ತರದಲ್ಲಿ ಅಲ್ಲಿಯವರೆಗೆ ಯಾವ ದೇಶದ ಸೇನೆಯೂ ಟ್ಯಾಂಕಿನಿಂದ ಯುದ್ಧ ಮಾಡಿರಲಿಲ್ಲ. ಅದೂ ಎಂಥ ಟ್ಯಾಂಕು? 7ನೇ ಲೈಟ್ ಕ್ಯಾವಲ್ರಿಯ ಬಳಿ ಇದ್ದದ್ದು ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್. ಎರಡನೇ ಮಹಾಯುದ್ಧದ ಕಾಲದ್ದು. ಸುಮಾರು 15 ಟನ್ ತೂಕ, 37 ಮಿಲಿಮೀಟರಿನ ಪುಟ್ಟ ತೋಪು. ಯುರೋಪಿನಲ್ಲಿ ಅದರ ಕಾಲ ಮುಗಿದೇಹೋಗಿತ್ತು.

ಜಮ್ಮು ಕಡೆಯಿಂದ ಬನಿಹಾಲ್ ದಾಟಿ ಶ್ರೀನಗರಕ್ಕೆ ತರುವುದೇ ಒಂದು ಸಾಹಸವಾಯಿತು. ಸೇತುವೆಗಳು ಭಾರ ತಡೆಯವು. ಹಾಗಾಗಿ ಟ್ಯಾಂಕಿನ ತಲೆಯನ್ನು, ಅಂದರೆ ತೋಪಿರುವ ತಿರುಗುಗೋಪುರವನ್ನು, ಬಿಚ್ಚಿ ಬೇರೆಯಾಗಿ ಸಾಗಿಸಿದರು. ಭಾರವೂ ತಗ್ಗಿತು, ಕಂಡವರಿಗೆ ಟ್ಯಾಂಕೆಂದು ಗೊತ್ತಾಗಲೂ ಇಲ್ಲ. ರಾತ್ರಿ ಹೊತ್ತು ಟಾರ್ಪಾಲು ಹೊದಿಸಿ ಪಯಣ. ಗುಟ್ಟು ರಟ್ಟಾಗಿದ್ದರೆ ಅಷ್ಟೂ ಶ್ರಮ ವ್ಯರ್ಥ.

ಇನ್ನು ಬಾಲ್ತಾಲಿನಿಂದ ಮೇಲಕ್ಕೆ. ಅಲ್ಲಿದ್ದದ್ದು ಹೇಸರಗತ್ತೆಗಳ ಕಾಲುಹಾದಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ದಳ ಅದು. ದಕ್ಷಿಣದ ಸೆಕೆಯ ಊರುಗಳಿಂದ ಹೋದ ಹುಡುಗರು, ಮೇಜರ್ ತಂಗರಾಜು ಅವರ ನೇತೃತ್ವದಲ್ಲಿ, ಮರಗಟ್ಟುವ ಚಳಿಯಲ್ಲಿ, ಮೇಲಿನಿಂದ ಗುಂಡು ಹಾರುತ್ತಿರುವಾಗ ಬಂಡೆ ಸಿಡಿಸಿ ದಾರಿ ಕಡಿದರು. ಕತೆಗಳಲ್ಲಿ ಟ್ಯಾಂಕು ಮೆರೆಯುತ್ತದೆ, ಗುದ್ದಲಿ ಹಿಂದೆ ಉಳಿಯುತ್ತದೆ. ಇದು ಸರಿಯಲ್ಲ.

ಎತ್ತರದಲ್ಲಿ ಇಂಜಿನ್ ಏಕೆ ಸೋಲುತ್ತದೆ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. 3,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಇಂಧನ ಉರಿಯಲು ಆಮ್ಲಜನಕ ಸಾಲದು, ಶಕ್ತಿ ಕುಗ್ಗುತ್ತದೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬ್ಯಾಟರಿ ಸೊರಗುತ್ತದೆ. ರೇಡಿಯೇಟರಿನ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಲೋಹವನ್ನೇ ಸೀಳುತ್ತದೆ. ಆದ್ದರಿಂದ ಇಂಥ ಕಡೆ ರಾತ್ರಿಯಲ್ಲೂ ಆಗಾಗ ಎದ್ದು ಇಂಜಿನ್ ಬಿಸಿ ಮಾಡುತ್ತಿರಬೇಕು.

ಹವೆ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಕೊನೆಗೆ ನವೆಂಬರ್ 1ರಂದು, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಸ್ಟುವರ್ಟ್‌ಗಳು ಏರತೊಡಗಿದವು. ಎಲ್ಲಕ್ಕೂ ಮುಂದಿನ ಟ್ಯಾಂಕಿನಲ್ಲಿ ಜನರಲ್ ತಿಮ್ಮಯ್ಯ! ಡಿವಿಜನ್ನಿನ ಮುಖ್ಯಸ್ಥರು ಇರಬೇಕಾದ ಜಾಗ ಅದಲ್ಲ. ಆದರೆ ಹೊಸ ದಾರಿ ಭಾರ ತಡೆಯುತ್ತದೋ ಇಲ್ಲವೋ ಎಂಬ ಅನುಮಾನ ಚಾಲಕರಿಗಿದ್ದರೆ, ಅದು ನೀಗಲು ಬೇರೆ ಮಾತು ಬೇಕಿರಲಿಲ್ಲ. ಘಾಟಿಯ ಮೇಲಿದ್ದವರು ಅಲ್ಲಿ ಟ್ಯಾಂಕು ಕಾಣುವೆವೆಂದು ಎಣಿಸಿರಲಿಲ್ಲ. ಅವರ ಬಂಕರುಗಳು ಒಂದೊಂದಾಗಿ ಸಿಡಿದವು. ಅಂದು ಘಾಟಿ ಕೈಗೆ ಬಂತು.

ಆಚೆ ಇಳಿದರೆ ಬೇರೆಯೇ ಲೋಕ. ಕೊಲ್ಲಮೊಗ್ರಿನಲ್ಲಿ ಮಳೆ ಸುರಿಸುವ ಮೋಡವನ್ನು ಪಶ್ಚಿಮಘಟ್ಟ ತಡೆಯುವ ಹಾಗೆ ಅಲ್ಲಿ ಹಿಮಾಲಯ ತಡೆಯುತ್ತದೆ. ಅದರ ಹಿಂದಿನ ಲಡಾಖ್ ಚಳಿಯ ಮರುಭೂಮಿ. ಸುಳ್ಯದ ಘಟ್ಟದ ಬುಡದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಮಳೆ ದೊಡ್ಡ ಮಾತಲ್ಲ. ಲೇಹ್‌ನಲ್ಲಿ 100 ಮಿಲಿಮೀಟರಿನ ಆಸುಪಾಸು. ದ್ರಾಸ್‌ನಲ್ಲಿ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಆ ದಾರಿಯಲ್ಲೇ ಕಾಲಾಳುಗಳು ಮುಂದುವರಿದು ನವೆಂಬರ್ ಮಧ್ಯದಲ್ಲಿ ದ್ರಾಸ್, 23ರಂದು ಕಾರ್ಗಿಲ್ ಹಿಡಿದರು. ಲೇಹ್ ಕಡೆಯಿಂದ ಹೊರಟ ಪಡೆಯೂ ಬಂದು ಕೂಡಿಕೊಂಡಿತು. 1949ರ ಜನವರಿ 1ರಂದು ಕದನವಿರಾಮ.

ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ ತೀರಿಕೊಂಡರು. ಜೋಜಿ ಲಾ ಅಡಿಯಲ್ಲಿ 13 ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯುವ ಕೆಲಸ 2020ರಲ್ಲಿ ಶುರುವಾಯಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ಕೊಲ್ಲಮೊಗ್ರಿನಿಂದ ಸುಳ್ಯಕ್ಕೆ ಬಂದು ಸಂಪಾಜೆ ಘಾಟಿ ಹತ್ತಿದರೆ ಒಂದೇ ದಿನದಲ್ಲಿ ನೋಡಿ ಮರಳಬಹುದು. ಮಳೆಗಾಲ ಕಳೆದ ಮೇಲೆ ಹೊರಡುವುದು ಮೇಲು, 2018ರಲ್ಲಿ ಈ ಘಾಟಿಯೂ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು.