ಕಡಲೆಬೀಜದ ಮಿಠಾಯಿಯನ್ನು ಮನೆಯಲ್ಲಿ ತಯಾರಿಸುವ ಕ್ರಮ

ಚಿತ್ರದುರ್ಗ, ತುಮಕೂರು, ಬಳ್ಳಾರಿ ಮೊದಲಾದ ಜಿಲ್ಲೆಗಳ ಮಳೆಯಾಶ್ರಯದ ಭೂಮಿಗಳಲ್ಲಿ ಕಡಲೆಕಾಯಿಯು ಮುಖ್ಯವಾದ ಹಣದ ಬೆಳೆಯಾಗಿರುವುದು. ಧಾರವಾಡದ ಕಡೆಯಲ್ಲಿ ಇದಕ್ಕೆ ಶೇಂಗಾ ಎಂದು ಹೆಸರು. ಕಾಯಿಯನ್ನು ಬಿಡಿಸಿ ಒಣಗಿಸಿದ ಮೇಲೆ ದಪ್ಪನಾದ ಒಳ್ಳೆಯ ಕಾಯಿಯು ಮಾರುಕಟ್ಟೆಯನ್ನು ಸೇರುವುದು. ಸುಕ್ಕಿದ, ಒಡೆದ, ಬಣ್ಣಗೆಟ್ಟ ಬೀಜವು ಮನೆಯ ಖರ್ಚಿಗೆಂದು ಉಳಿಯುವುದುಂಟು. ಅದನ್ನೇ ಹುರಿದು ಬೆಲ್ಲದೊಡನೆ ಮಕ್ಕಳಿಗೆ ಕೊಡುವುದು ಮಿತವ್ಯಯವೆಂದು ತೋರಿದರೂ ವಾಸ್ತವದಲ್ಲಿ ಅಪಾಯಕರವಾದುದು. ಆದುದರಿಂದ ಮಿಠಾಯಿಯ ಕ್ರಮವನ್ನು ತಿಳಿಯುವುದಕ್ಕೆ ಮೊದಲು ಬೀಜದ ವಿಚಾರವನ್ನು ತಿಳಿಯತಕ್ಕದ್ದು.

ಬೀಜದ ಆಯ್ಕೆ

100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವೂ 45ರಿಂದ 50 ಗ್ರಾಂ ಎಣ್ಣೆಯೂ ಇರುವುವು. ಇಷ್ಟು ಪುಷ್ಟಿಯುಳ್ಳ ಬೀಜವು ತೇವಕ್ಕೆ ಸಿಕ್ಕಿದರೆ ಬೇಗನೆ ಬೂಷ್ಟು ಹಿಡಿಯುವುದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಬೆರೆತ ಹಸಿರು ಬಣ್ಣದ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತುದಕ್ಕೆ ಕಾರಣವನ್ನು ಹುಡುಕಲಾಗಿ, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷವು ಕಂಡುಬಂದಿತು. ಮನುಷ್ಯರಲ್ಲಿ ಇದು ಯಕೃತ್ತನ್ನು ಕೆಡಿಸಿ, ಬಹುಕಾಲ ದೇಹವನ್ನು ಸೇರುತ್ತಿದ್ದರೆ ಆ ಅಂಗದ ಕ್ಯಾನ್ಸರಿಗೂ ಕಾರಣವಾಗುವುದು. ಹುರಿಯುವುದರಿಂದ ಈ ವಿಷವು ಪೂರ್ಣವಾಗಿ ನಾಶವಾಗದು; ಬೆಲ್ಲದ ಸಿಹಿಯು ಕೆಟ್ಟ ಬೀಜದ ರುಚಿಯನ್ನು ಮರೆಮಾಡುವುದೇ ಹೊರತು ದೋಷವನ್ನು ಕಳೆಯದು.

ಆದುದರಿಂದ ಬೀಜವನ್ನು ಮೊರದಲ್ಲಿ ಹರಡಿ, ಸುಕ್ಕಿದ, ಮೊಳೆತ, ಹುಳು ಕೊರೆದ, ಕಪ್ಪಾದ, ಬೂಷ್ಟು ಹಿಡಿದ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು.

ಸಾಮಗ್ರಿಗಳು

ಆರಿಸಿದ ಬೀಜ 1 ಕಿಲೋಗ್ರಾಂ, ಬೆಲ್ಲ 700 ಗ್ರಾಂ, ನೀರು ಒಂದು ಸಣ್ಣ ಲೋಟ, ಏಲಕ್ಕಿ ಎಂಟು, ಉಪ್ಪು ಒಂದು ಚಿಟಿಕೆ, ತಟ್ಟೆಗೆ ಸವರಲು ತುಪ್ಪ. ಚೆನ್ನಾಗಿ ಬಲಿತ ಕಾಯಿಯಾದರೆ ಸುಮಾರು ಒಂದೂವರೆ ಕಿಲೋಗ್ರಾಂ ಕಾಯಿಯಿಂದ ಇಷ್ಟು ಬೀಜವು ದೊರೆಯುವುದು.

ತಯಾರಿಸುವ ಕ್ರಮ

ಬೀಜವನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಕೈಬಿಡದೆ ಮಗುಚುತ್ತ ಹುರಿಯಬೇಕು. ಉರಿಯು ಹೆಚ್ಚಾದರೆ ಹೊರಭಾಗವು ಸೀದು ಒಳಭಾಗವು ಹಸಿಯಾಗಿಯೇ ಉಳಿಯುವುದು. ಆರಿದ ಮೇಲೆ ಉಜ್ಜಿ, ಸಿಪ್ಪೆಯನ್ನು ಕೇರಿ ತೆಗೆದು, ಒರಳಿನಲ್ಲಾಗಲಿ ಯಂತ್ರದಲ್ಲಾಗಲಿ ನುಣ್ಣಗೆ ಅರೆಯತಕ್ಕದ್ದು. ಬೀಜವು ಮೊದಲು ಪುಡಿಯಾಗಿ, ಅನಂತರ ತನ್ನ ಎಣ್ಣೆಯನ್ನೇ ಬಿಟ್ಟುಕೊಂಡು ಬೆಣ್ಣೆಯಂತಾಗುವುದು. ಅರೆಯುವಾಗ ನೀರನ್ನು ಸೇರಿಸಲೇಕೂಡದು. ನೀರು ಬಿದ್ದರೆ ಮಿಠಾಯಿಯು ಬೇಗ ಕೆಡುವುದು.

ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಉಪ್ಪನ್ನು ಹಾಕಿ ಪುನಃ ಕಾಯಿಸಬೇಕು. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟಾಗ ಅದು ಬೆರಳುಗಳ ನಡುವೆ ಗಟ್ಟಿ ಉಂಡೆಯಾಗಿ ನಿಂತರೆ ಹದವು ಬಂದಿತೆಂದು ತಿಳಿಯುವುದು. ಇಡಿಯ ಬೀಜದ ಕಡಲೆಮಿಠಾಯಿಗೆ, ಪಾಕವು ನೀರಿನಲ್ಲಿ ಗಾಜಿನಂತೆ ಮುರಿಯುವವರೆಗೆ ಕಾಯಿಸಬೇಕು. ಅರೆದ ಬೀಜಕ್ಕೆ ಅಷ್ಟು ಹದವು ಬೇಡ. ಪಾಕವು ಎಳೆಯದಾದರೆ ಮಿಠಾಯಿಯು ಅಂಟಾಗುವುದು. ಮೀರಿದರೆ ಕಲಸುವ ಮೊದಲೇ ಗಟ್ಟಿಯಾಗುವುದು.

ಒಲೆಯಿಂದ ಇಳಿಸಿದ ಕೂಡಲೆ ಏಲಕ್ಕಿಪುಡಿಯನ್ನೂ ಅರೆದ ಬೀಜವನ್ನೂ ಸೇರಿಸಿ ಬೇಗ ಬೇಗ ಕಲಸಿ, ತುಪ್ಪ ಸವರಿದ ತಟ್ಟೆಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಒತ್ತಿ, ಬಿಸಿಯಿರುವಾಗಲೇ ಗೆರೆ ಕೊಯ್ದು, ಆರಿದ ಮೇಲೆ ಬಿಲ್ಲೆಗಳನ್ನು ಬಿಡಿಸಬೇಕು. ಬೆಲ್ಲವು ಗಾಳಿಯ ತೇವವನ್ನು ಹೀರುವುದರಿಂದ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡುವುದು ಅವಶ್ಯಕ. ಕಮಟು ವಾಸನೆ ಬಂದುದನ್ನು ತಿನ್ನಬಾರದು.

ಇಡಿಯ ಬೀಜವು ಎಳೆಯ ಮಕ್ಕಳ ಗಂಟಲಿಗೆ ಸಿಕ್ಕುವ ಭಯವುಂಟು. ಹಲ್ಲಿಲ್ಲದ ವೃದ್ಧರಿಗೂ ಅದು ಕಷ್ಟ. ಇಬ್ಬರಿಗೂ ಅರೆದ ಮಿಠಾಯಿಯ ಸಣ್ಣ ತುಣುಕೇ ಮೇಲು. ಕಡಲೆಬೀಜವು ದೇಹಕ್ಕೆ ಒಗ್ಗದವರು ಮಾತ್ರ ಇದನ್ನು ಮುಟ್ಟಬಾರದು.

ಬೆಳೆಗಾರರು ಗಮನಿಸತಕ್ಕ ವಿಷಯ

ವಿಷವು ಸೇರಿದ ಬೀಜವೆಲ್ಲವೂ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಎಚ್ಚರಿಕೆಯು ಹೊಲದಿಂದಲೇ ಆರಂಭವಾಗಬೇಕು. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಸಾಲಾಗಿ ಇಟ್ಟು ಒಣಗಿಸಿ, ಬಿಡಿಸಿದ ಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಬೀಜವು ಗಲಗಲ ಶಬ್ದ ಮಾಡುವವರೆಗೆ ಬಿಸಿಲಿಗೆ ಹಾಕಬೇಕು. ಅಗೆಯುವಾಗ ಗಾಯಗೊಂಡ ಕಾಯಿಗಳನ್ನು ಬೇರೆಮಾಡಬೇಕು. ಸುಲಿಯುವುದು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಡತಕ್ಕದ್ದು. ಬೂಷ್ಟಿಗೆ ಇದಕ್ಕಿಂತ ಅನುಕೂಲವು ಬೇರೊಂದಿಲ್ಲ.

ಆರಿಸಿ ತೆಗೆದ ಕೆಟ್ಟ ಬೀಜವನ್ನು ಗಾಣಕ್ಕೂ ಹಾಕಬಾರದು. ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿದು, ಅದನ್ನು ತಿಂದ ಹಸುವಿನ ಹಾಲಿನ ಮೂಲಕ ಪುನಃ ಮನೆಗೇ ಬರುವುದು. ಅಂಥ ಬೀಜವನ್ನು ಹೂಳಿಬಿಡುವುದೇ ಲೇಸು.

ಗ್ರಾಮದ ಮುಖಂಡರೂ ಜಮೀನುದಾರರೂ, ಮಾರುವುದಕ್ಕೆ ಮೊದಲೇ ಒಂದು ಕೊಳಗ ಒಳ್ಳೆಯ ಕಾಯಿಯನ್ನು ಮನೆಗೆಂದು ತೆಗೆದಿಟ್ಟು ಇತರರಿಗೆ ಮೇಲ್ಪಂಕ್ತಿಯಾದರೆ, ಊರಿನ ಮಕ್ಕಳಿಗೆ ಮಹೋಪಕಾರವಾಗುವುದು.