ಪರೀಕ್ಷೆಗೂ ಒಂದು ಪರೀಕ್ಷೆ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನತ್ತ ಇಳಿಯುವ ಬಸ್ಸು ಕಾಡಿನ ತಿರುವುಗಳನ್ನು ದಾಟಿ ಪಾಲಾರ್ ತಲುಪುತ್ತದೆ. ಆಚೆಗೆ ತಮಿಳುನಾಡು. 2020ರಲ್ಲಿ ಕೊರೊನಾ ನಾಡನ್ನೆಲ್ಲ ಆವರಿಸಿದಾಗಲೂ ಈ ಗಡಿಯ ಚಾಮರಾಜನಗರ ಜಿಲ್ಲೆ ಬಹುಕಾಲ ಹಸಿರು ವಲಯವಾಗಿಯೇ ಉಳಿದಿತ್ತು. ಮೊದಲ ಪ್ರಕರಣ ದಾಖಲಾದದ್ದು ಜೂನ್ ತಿಂಗಳಲ್ಲಿ.

ಅದೇ ಜೂನ್ 14ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅರ್ಧ ಗಂಟೆಯೊಳಗೆ ಫಲಿತಾಂಶ ನೀಡುವ ಆಂಟಿಜೆನ್ ಕಿಟ್ ಒಂದರ ಬಳಕೆಗೆ ಸಲಹೆ ಹೊರಡಿಸಿತು. ಈ ಕಿಟ್ಟನ್ನು ಎಷ್ಟು ನಂಬಬಹುದು?

ಇದನ್ನು ತಿಳಿಯಲು ಅದರ ಫಲಿತಾಂಶವನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಯೊಂದಿಗೆ ಹೋಲಿಸಲಾಯಿತು. ಸೋಂಕಿತರನ್ನು ಗುರುತಿಸುವ ಶಕ್ತಿ, ಅಂದರೆ ಸೂಕ್ಷ್ಮತೆ, ಶೇ. 50.6ರಿಂದ 84. ಸೋಂಕಿಲ್ಲದವರನ್ನು ಸರಿಯಾಗಿ ಬಿಟ್ಟುಬಿಡುವ ಶಕ್ತಿ, ಅಂದರೆ ನಿರ್ದಿಷ್ಟತೆ, ಶೇ. 99.3ರಿಂದ 100.

ಇಂಥ ಅಂಕಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. 20 ಸೋಂಕಿತರಲ್ಲಿ 14 ಮಂದಿಯನ್ನು ಕಿಟ್ ಗುರುತಿಸಿದರೆ ಸೂಕ್ಷ್ಮತೆ ಶೇ. 70 ಎನ್ನಬಹುದು. ಆದರೆ ಮಾದರಿ ಅಷ್ಟು ಚಿಕ್ಕದಾದಾಗ ನಿಜವಾದ ಮೌಲ್ಯ ಶೇ. 46ರಿಂದ 88ರ ನಡುವೆ ಎಲ್ಲಿಯಾದರೂ ಇರಬಹುದು. ಸಾವಿರ ಸೋಂಕಿತರಲ್ಲಿ 700 ಮಂದಿ ಸಿಕ್ಕಿದ್ದರೆ ಆ ಅಂತರ ಶೇ. 67ರಿಂದ 73ಕ್ಕೆ ಇಳಿಯುತ್ತದೆ. ಇನ್ನು ಅಳತೆಗೋಲಾದ ಆರ್‌ಟಿ-ಪಿಸಿಆರ್ ಕೂಡ, ಗಂಟಲ ದ್ರವವನ್ನು ಸರಿಯಾಗಿ ತೆಗೆಯದಿದ್ದರೆ ಅಥವಾ ತೀರಾ ಬೇಗ ತೆಗೆದರೆ, ಸೋಂಕನ್ನು ಕಾಣದೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಬೇರೊಂದಿದೆ. ಗಡಿಯಲ್ಲಿ ಸಾವಿರ ಜನ ಸಾಲಾಗಿ ನಿಂತಿದ್ದಾರೆ, ಅವರಲ್ಲಿ 10 ಮಂದಿಗಷ್ಟೇ ಸೋಂಕಿದೆ ಎಂದಿಟ್ಟುಕೊಳ್ಳಿ. ಸೂಕ್ಷ್ಮತೆ ಶೇ. 70 ಇದ್ದರೆ 7 ಮಂದಿ ಸಿಗುತ್ತಾರೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ನಿರ್ದಿಷ್ಟತೆ ಶೇ. 99.3 ಇದ್ದರೆ ಉಳಿದ 990 ಮಂದಿಯಲ್ಲಿ ಸುಮಾರು 7 ಜನರಿಗೆ ಸುಳ್ಳೇ ‘ಪಾಸಿಟಿವ್’ ಬರುತ್ತದೆ. ಅಂದರೆ ಸೋಂಕಿತರೆಂದು ಪ್ರತ್ಯೇಕಿಸಿದ 14 ಮಂದಿಯಲ್ಲಿ ಅರ್ಧದಷ್ಟು ಜನ ಆರೋಗ್ಯವಂತರು!

ಅದೇ ಸಾಲಿನಲ್ಲಿ 200 ಸೋಂಕಿತರಿದ್ದರೆ? 140 ನಿಜ, ಸುಳ್ಳು ಆರು ಮಾತ್ರ. ಆದರೆ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುವ ಸೋಂಕಿತರು 60 ಮಂದಿ.

ಮಂಡಳಿಯು ಆಗ ಕಿಟ್ಟಿನ ಬಳಕೆಯನ್ನು ಸೋಂಕು ಹೆಚ್ಚಿದ್ದ ನಿಯಂತ್ರಿತ ವಲಯಗಳಿಗೆ ಮತ್ತು ಆಸ್ಪತ್ರೆಗಳಿಗೆ ಸೀಮಿತಗೊಳಿಸಿದ್ದರ, ಲಕ್ಷಣಗಳಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಆಗಲೇಬೇಕೆಂದು ಹೇಳಿದ್ದರ ಅರ್ಥ ಈ ಲೆಕ್ಕದಲ್ಲಿ ತಿಳಿಯುತ್ತದೆ. ಕಿಟ್ ಒಂದೇ ಆದರೂ ಹಸಿರು ವಲಯದಲ್ಲಿ ಅನುಮಾನಿಸಬೇಕಾದದ್ದು ಪಾಸಿಟಿವನ್ನು, ರೋಗ ಹರಡಿದ ಊರಿನಲ್ಲಿ ನೆಗೆಟಿವನ್ನು.