ಗಾಳಿ ಇಲ್ಲವೆಂದುಕೊಂಡರೆ ತೊಗರಿ ತೂರುವುದು ಹೇಗೆ?

ಹಾಲು ಕಡಿಮೆಯಾಯಿತೆಂದು ಡೇರಿಯವರು ಭೌತವಿಜ್ಞಾನಿಯೊಬ್ಬನನ್ನು ಕರೆಸಿದರಂತೆ. ವಾರವಿಡೀ ಲೆಕ್ಕ ಹಾಕಿ ಬಂದವನು ಶುರುಮಾಡಿದ: ‘ಹಸು ಗುಂಡಗಿದೆ, ಸುತ್ತ ಗಾಳಿಯಿಲ್ಲ ಎಂದಿಟ್ಟುಕೊಳ್ಳಿ...’ ವಿಜ್ಞಾನಿಗಳು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಹಳೇ ಜೋಕು ಇದು.

ಹಸುವನ್ನು ಬಿಡಿ; ಗುಂಡಗಿನದೇ ಬೇಕೆಂದರೆ ತೆಲಂಗಾಣದ ತಾಂಡೂರಿನ ತೊಗರಿ ಇದೆ. ಗಡಿಯೀಚೆಯ ಕಲಬುರಗಿ ತೊಗರಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದಕ್ಕೆ 2022ರಲ್ಲಿ ಸಿಕ್ಕಿತು. ಇನ್ನು ‘ಗಾಳಿಯ ತಡೆಯನ್ನು ಕಡೆಗಣಿಸಿ’ ಎಂಬ ಮಾತು. ಜಹೀರಾಬಾದಿರಲಿ, ನಾರಾಯಣಖೇಡವಿರಲಿ, ಹೈಸ್ಕೂಲು ದಾಟಿದ ಯಾರಿಗೂ ಅದು ಹೊಸದಲ್ಲ. ಅದೇ ಹುಡುಗರು ಮನೆಗೆ ಬಂದರೆ, ಕಣದಲ್ಲಿ ಹಿರಿಯರು ಮೊರ ಹಿಡಿದು ಗಾಳಿಗಾಗಿಯೇ ಕಾಯುತ್ತಿರುತ್ತಾರೆ!

ಲೆಕ್ಕ ಹಾಕಿಯೇ ನೋಡೋಣ. ಕಾಳು ಐದೂವರೆ ಮಿಲಿಮೀಟರಿನ ಗೋಲ, ನೀರಿಗಿಂತ 1.3 ಪಟ್ಟು ಸಾಂದ್ರ. ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟರೆ, ಗಾಳಿಯೇ ಇಲ್ಲದಿದ್ದಲ್ಲಿ 0.55 ಸೆಕೆಂಡಿಗೆ ನೆಲ ಮುಟ್ಟುತ್ತದೆ. ಗಾಳಿಯ ತಡೆ ಸೇರಿಸಿದರೆ 0.56. ತಪ್ಪು ನೂರಕ್ಕೆ ಎರಡೂ ಇಲ್ಲ! ಇಲ್ಲಿಯವರೆಗೆ ಪಠ್ಯಪುಸ್ತಕದ್ದೇ ಗೆಲುವು.

ಹೊಟ್ಟಿನ ಕಥೆ ಬೇರೆ. ಹಗುರ, ಚಪ್ಪಟೆ. ಸ್ವಲ್ಪ ಬಿದ್ದೊಡನೆ ಗಾಳಿಯ ತಡೆ ಅದರ ತೂಕಕ್ಕೆ ಸಮನಾಗಿಬಿಡುತ್ತದೆ. ಆಮೇಲೆ ವೇಗ ಏರುವುದಿಲ್ಲ. ಆ ಅಂತಿಮ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ (ಹೌದು, ನಾನೂ ಎಂದಿಟ್ಟುಕೊಂಡೆ). ನೆಲ ಮುಟ್ಟಲು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಮೂರು ಮೀಟರಿನ ತಂಗಾಳಿ ಅದನ್ನು ಸುಮಾರು ಮೂರು ಮೀಟರ್ ಆಚೆ ಒಯ್ದಿರುತ್ತದೆ. ಅದೇ ಗಾಳಿಗೆ ಕಾಳು ಒಂದು ಗೇಣೂ ಸರಿಯುವುದಿಲ್ಲ.

ಅಂದರೆ ಒಂದೇ ಕಣ, ಒಂದೇ ಮೊರ. ಕಾಳಿಗೆ ಒಪ್ಪುವ ಸರಳೀಕರಣ ಹೊಟ್ಟಿಗೆ ಒಪ್ಪದು. ಗಾಳಿಯೇ ಇಲ್ಲದ ಕಡೆ ಏನಾಗುತ್ತದೆಂಬುದನ್ನು 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ತೋರಿಸಿದರು: ಸುತ್ತಿಗೆ, ಗರಿ ಎರಡೂ ಒಟ್ಟಿಗೇ ಬಿದ್ದವು. ಅಲ್ಲಿ ರಾಶಿ ಮಾಡಿದರೆ ಹೊಟ್ಟಿನ ಸಮೇತವೇ ಬೇಳೆ.

ಈಗ ಮೊರದ ಕೆಲಸವನ್ನು ರಾಶಿ ಮಷೀನಿನ ಫ್ಯಾನು ಮಾಡುತ್ತದೆ. ಗೋಲ ಕಾಳಿನ ಲೆಕ್ಕದಲ್ಲಿ ಅಂತಿಮ ವೇಗ ಸೆಕೆಂಡಿಗೆ ಸುಮಾರು 13 ಮೀಟರ್; ಮೇಲ್ಮುಖವಾಗಿ ಅದಕ್ಕಿಂತ ಜೋರಾಗಿ ಊದಿದರೆ ಕಾಳೇ ಹಾರುತ್ತದೆ. ಅದಕ್ಕಿಂತ ತುಸು ಕಡಿಮೆ ಇಟ್ಟರೆ ಸಾಕೇ? ಸಾಲದು. ಒಡೆದ ಕಾಳಿಗೆ ತೂಕ ಅರ್ಧ, ಅಗಲ ಮಾತ್ರ ಅಷ್ಟೇ. ಅದು ಒಂಬತ್ತರ ಆಸುಪಾಸಿನಲ್ಲೇ ಹಾರಿಬಿಡುತ್ತದೆ. ಕಾಳೆಲ್ಲ ಗುಂಡಗಿದೆ ಎಂದು ನಂಬಿ ಫ್ಯಾನು ತಿರುಗಿಸಿದವನ ಬೇಳೆ ಹೊಟ್ಟಿನ ಗುಡ್ಡೆಯಲ್ಲಿರುತ್ತದೆ.